ಹೊಗೆಯ ಮಾಲ್ಟ್ ಕೊನೆಗಿರಲಿ

ಪ್ರಶ್ನೆ: ಗೆಳೆಯರಿಗಾಗಿ ಮನೆಯಲ್ಲಿ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ತಯಾರಾದ ವಿಸ್ಕಿ) ರುಚಿ ನೋಡುವ ಕೂಟ ಇಟ್ಟುಕೊಂಡಿದ್ದೇನೆ. ಅಮೃತ್ ಫ್ಯೂಷನ್, ಆರ್ಡ್‌ಬೆಗ್ 10, ಗ್ಲೆನ್‌ಮೊರಾಂಜಿ ಒರಿಜಿನಲ್, ಲ್ಯಾಗವೂಲಿನ್ 16, ಗ್ಲೆನ್‌ಫಿಡಿಕ್ 18 ಇವೆ. ಕಿರಿಯದರಿಂದ ಆರಂಭಿಸಿ ಹದಿನೆಂಟು ವರ್ಷದ್ದರಲ್ಲಿ ಮುಗಿಸಲೇ?

ಉತ್ತರ: ಬೇಡ. ವಯಸ್ಸಿನ ಕ್ರಮದ ಈ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಕಾರಣವನ್ನು ಒಮ್ಮೆ ಬಿಡಿಸಿ ಹೇಳುತ್ತೇನೆ. ಲೇಬಲ್ಲಿನ ಮೇಲಿನ ಅಂಕಿ ಮದ್ಯವು ಪೀಪಾಯಿಯಲ್ಲಿ ಕಳೆದ ಕನಿಷ್ಠ ಅವಧಿಯನ್ನು ತಿಳಿಸುತ್ತದೆಯೇ ಹೊರತು, ಅದು ನಾಲಿಗೆಯ ಮೇಲೆ ಎಷ್ಟು ಭಾರವಾಗಿ ಕೂರುತ್ತದೆ ಎಂಬುದನ್ನಲ್ಲ. ಅಮೃತ್ ತಯಾರಾಗುವ ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 10ರಷ್ಟು ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಶೇ 2ರಷ್ಟು. ಹೀಗಿರುವಾಗ ಎರಡು ನಾಡಿನ ವರ್ಷಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ತಪ್ಪು.

ಕ್ರಮವನ್ನು ನಿರ್ಧರಿಸಬೇಕಾದದ್ದು ಮುಂದಿನ ಲೋಟವನ್ನು ಯಾವುದು ಕೆಡಿಸುತ್ತದೆ ಎಂಬ ವಿಚಾರ. ಹಾಗೆ ಕೆಡಿಸುವವು ಎರಡು: ಮದ್ಯಸಾರದ ತೀಕ್ಷ್ಣತೆ ಮತ್ತು ಪೀಟ್ (ಜೌಗುನೆಲದಿಂದ ಅಗೆದು ಉರುವಲಾಗಿ ಬಳಸುವ ಮಣ್ಣು) ಹೊಗೆ. ಇವೆರಡರಲ್ಲಿ ಹೊಗೆಯೇ ಹೆಚ್ಚು ಹಟಮಾರಿ. ಶೇ 50ರ ಫ್ಯೂಷನ್‌ಗೆ ಒಂದು ಚಮಚ ನೀರು ಬೆರೆಸಿದರೆ ಅದರ ಉರಿ ತಗ್ಗುತ್ತದೆ. ಆದರೆ ಪೀಟ್ ಹೊಗೆಯಲ್ಲಿ ಒಣಗಿದ ಬಾರ್ಲಿಯಿಂದ ಬರುವ ಹೊಗೆವಾಸನೆಯ ರಾಸಾಯನಿಕಗಳಾದ ಫೀನಾಲ್‌ಗಳು ಮೂಗಿಗೆ ಹತ್ತಿದ ಮೇಲೆ ನೀರು ಕುಡಿದರೂ, ಬ್ರೆಡ್ ತಿಂದರೂ ಬಿಡುವುದಿಲ್ಲ. ಆರ್ಡ್‌ಬೆಗ್ ಕುಡಿದ ಲೋಟವನ್ನು ತೊಳೆಯದೆ ಇಟ್ಟು ಮರುದಿನ ಬೆಳಿಗ್ಗೆ ಮೂಸಿ ನೋಡಿ, ಆರಿದ ಒಲೆಯ ಬೂದಿಯ ವಾಸನೆ ಇನ್ನೂ ಅಲ್ಲೇ ಇರುತ್ತದೆ. ಅದರ ಬೆನ್ನಿಗೇ ಗ್ಲೆನ್‌ಫಿಡಿಕ್ 18 ಸುರಿದರೆ, ಬೆಂದ ಸೇಬು ಮತ್ತು ದಾಲ್ಚಿನ್ನಿಯ ಅದರ ಮೃದು ಪರಿಮಳ ಮೂಗಿಗೆ ಎಟುಕುವುದೇ ಇಲ್ಲ. ಐದರಲ್ಲಿ ಹೆಚ್ಚು ವಯಸ್ಸಿನದೇ ಸಪ್ಪೆಯಾಗಿ ಕಂಡು, ನೀವು ಕೊಟ್ಟ ಹಣ ವ್ಯರ್ಥವಾಗುತ್ತದೆ.

ಆದ್ದರಿಂದ ಮೊದಲು ಗ್ಲೆನ್‌ಮೊರಾಂಜಿ, ಬಳಿಕ ಶೆರ್ರಿ ಎಂಬ ಸ್ಪೇನಿನ ವೈನ್‌ನ ಪೀಪಾಯಿಯ ಛಾಯೆಯಿರುವ ಗ್ಲೆನ್‌ಫಿಡಿಕ್, ಮೂರನೆಯದಾಗಿ ಫ್ಯೂಷನ್. ಇದರಲ್ಲಿ ಭಾರತದ ಬಾರ್ಲಿಯ ಜೊತೆಗೆ ಹೊಗೆಯಾಡಿಸಿದ ಸ್ಕಾಟಿಷ್ ಬಾರ್ಲಿಯೂ ಸೇರಿರುವುದರಿಂದ ಹೊಗೆಗೆ ಹದವಾದ ಪೀಠಿಕೆಯಾಗುತ್ತದೆ. ಲ್ಯಾಗವೂಲಿನ್‌ನ ಮದ್ಯಸಾರ ಶೇ 43 ಮಾತ್ರವಾದರೂ ಅದು ಫ್ಯೂಷನ್‌ನ ನಂತರವೇ ಬರಬೇಕು. ಕೊನೆಯದು ಆರ್ಡ್‌ಬೆಗ್: ಅದರ ಮಾಲ್ಟಿನಲ್ಲಿ ಫೀನಾಲ್ ಹತ್ತು ಲಕ್ಷಕ್ಕೆ ಸುಮಾರು 55 ಭಾಗ, ಲ್ಯಾಗವೂಲಿನ್‌ನದರಲ್ಲಿ ಸುಮಾರು 35. ತಲಾ 15 ಮಿಲಿಲೀಟರ್ ಸಾಕು, ಐದೂ ಸೇರಿ 75 ಆಯಿತು. ಇದಕ್ಕಿಂತ ಹೆಚ್ಚು ಸುರಿದರೆ ಕೊನೆಯ ಎರಡನ್ನು ಯಾರೂ ನಿಜವಾಗಿ ಸವಿಯಲಾರರು. ಪ್ರತಿಯೊಂದಕ್ಕೂ ಬೇರೆ ಲೋಟ ಕೊಡಿ, ಯಾರ ಕೈಯಲ್ಲೂ ವಾಹನದ ಕೀಲಿ ಇರದಂತೆ ನೋಡಿಕೊಳ್ಳಿ.

ಪ್ರಶ್ನೆ: ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬಹುದೇ?

ಉತ್ತರ: ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ, ಬಣ್ಣವನ್ನು ನಂಬಬೇಡಿ.

ಪ್ರಶ್ನೆ: ಸ್ಕಾಟ್ಲೆಂಡಿನ ವಿಸ್ಕಿ ಪ್ರದೇಶಗಳಲ್ಲಿ ಸ್ಪೇಸೈಡ್ ಮೊದಲು, ಹೊಗೆಗೆ ಹೆಸರಾದ ಐಲಾ ದ್ವೀಪ ಕೊನೆಗೆ ಎಂದು ಕೂಟ ನಡೆಸಿಕೊಡುವವರೊಬ್ಬರು ಹೇಳಿದರು.

ಉತ್ತರ: ಭೂಪಟ ತೋರಿಸಿ ಶುಲ್ಕ ವಸೂಲು ಮಾಡುವ ಇಂಥವರಿಂದ ದೂರವಿರಿ. ಐಲಾದ ಬುನ್ನಹಾವನ್ 12ರಲ್ಲಿ ಹೊಗೆಯ ಸುಳಿವೇ ಇಲ್ಲವೆನ್ನಬಹುದು, ಹೈಲ್ಯಾಂಡಿನ ಆರ್ಡ್‌ಮೋರ್‌ನಲ್ಲಿ ಹೊಗೆಯಿದೆ.

ಪ್ರಶ್ನೆ: ನಡುನಡುವೆ ಕಾಫಿ ಬೀಜ ಮೂಸಿದರೆ ಮೂಗು ಶುದ್ಧವಾಗುತ್ತದೆಯೇ?

ಉತ್ತರ: ಇಲ್ಲ, ಇನ್ನೊಂದು ಗಾಢ ವಾಸನೆ ಸೇರಿಕೊಳ್ಳುತ್ತದೆ ಅಷ್ಟೇ, ಹತ್ತು ನಿಮಿಷ ಕಿಟಕಿ ತೆರೆದಿಟ್ಟು ನೀರು ಕುಡಿಯಿರಿ.