ನಾಲ್ಕು ಟನ್ ಗಾಡಿ ಮೇಲೆ 105 ಮಿ.ಮೀ. ತೋಪು ಕೂರಿಸಲು ಟೈಟೇನಿಯಂ ಬಳಸಿ ತೂಕ ಇಳಿಸಿದರೆ ಸಾಕೇ?

ಸಾಲದು. ತೂಕ ಇಳಿಸಿದಷ್ಟೂ ನಿಮ್ಮ ಕಷ್ಟ ಹೆಚ್ಚುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾನೂ ಇದನ್ನೇ ಎತ್ತಿಕೊಂಡಿದ್ದೆ. ತೋಪು ದೂರಕ್ಕೆ ಹೊಡೆಯುವುದು 45 ಡಿಗ್ರಿಯಲ್ಲಿ ತಾನೇ ಎಂದುಕೊಂಡು, ಗಾಡಿ ಮಗುಚುತ್ತದೆಯೇ ಎಂದು ಆ ಒಂದು ಕೋನದಲ್ಲಿ ಮಾತ್ರ ನೋಡಿದೆ. ಆ ತಪ್ಪಿನಿಂದ ಚಾಸಿ ಡ್ರಾಯಿಂಗ್ ಪೂರ್ತಿ ಮತ್ತೆ ಮಾಡಬೇಕಾಯಿತು.

ಲೆಕ್ಕ ಹಾಕಿ ನೋಡಿ. 15 ಕೆ.ಜಿ. ಶೆಲ್, ಸೆಕೆಂಡಿಗೆ 470 ಮೀಟರ್ ವೇಗ: ಸಂವೇಗ 7,050 ನ್ಯೂಟನ್-ಸೆಕೆಂಡ್. ಹಿಂದೆಯೇ ನುಗ್ಗುವ ಮದ್ದಿನ ಅನಿಲವನ್ನೂ ಸೇರಿಸಿದರೆ (ಬಹಳ ಮಂದಿ ಮರೆಯುವುದು ಇದನ್ನೇ) ಸುಮಾರು 8,500. ಹಿಂದಕ್ಕೆ ಸರಿಯುವ ಭಾಗ 520 ಕೆ.ಜಿ. ಇದ್ದರೆ ಅದರ ವೇಗ ಸೆಕೆಂಡಿಗೆ 16 ಮೀಟರ್ ದಾಟುತ್ತದೆ. ಅದನ್ನು 1.07 ಮೀಟರ್ ಒಳಗೆ ತಡೆಯಲು ಸರಾಸರಿ 65 ಕಿಲೋನ್ಯೂಟನ್ ಬೇಕು.

ಬ್ಯಾರೆಲ್ ನೆಲದಿಂದ 1.3 ಮೀಟರ್ ಎತ್ತರದಲ್ಲಿದೆ, ಹಿಂದೆ ಊರಿದ ಸ್ಪೇಡಿನಿಂದ (ಗಾಡಿ ಸರಿಯದಂತೆ ನೆಲ ಕಚ್ಚುವ ಸಲಿಕೆಯಂಥ ಕಾಲು) ಟ್ರನಿಯನ್ (ಬ್ಯಾರೆಲ್ ಏರಿಳಿಯುವ ಅಚ್ಚು) ಒಂದು ಮೀಟರ್ ಮುಂದಿದೆ ಎನ್ನಿ. 45 ಡಿಗ್ರಿಯಲ್ಲಿ ಒದೆತದ ಸುಮಾರು ಶೇ. 70 ಪಾಲು ನೆಲದತ್ತ ಒತ್ತುವುದರಿಂದ ಸ್ಪೇಡಿನ ಸುತ್ತ ಮಗುಚುವ ಮೊಮೆಂಟ್ (ಬಲವನ್ನು ದೂರದಿಂದ ಗುಣಿಸಿದ್ದು) ಬರೀ 14 ಕಿಲೋನ್ಯೂಟನ್-ಮೀಟರ್. ಬ್ಯಾರೆಲ್ ಸೊನ್ನೆ ಡಿಗ್ರಿಗೆ ಇಳಿಸಿದರೆ ಅದೇ 84 ದಾಟುತ್ತದೆ. ತಡೆಯಲು ಇರುವುದು ಗಾಡಿಯ ತೂಕ ಒಂದೇ: 39 ಕಿಲೋನ್ಯೂಟನ್, ಗುರುತ್ವಕೇಂದ್ರದಿಂದ ಸ್ಪೇಡಿಗೆ ಎರಡು ಮೀಟರ್, ಅಂದರೆ 78. ಮುಂದಿನ ಚಕ್ರ ಮೇಲೇಳುತ್ತದೆ. 1950ರ ದಶಕದ ಅಮೆರಿಕದ ಎಂ56 ಸ್ಕಾರ್ಪಿಯನ್ 90 ಮಿ.ಮೀ. ತೋಪು ಹೊತ್ತ ಏಳು ಟನ್ನಿನ ಗಾಡಿ. ಗುಂಡು ಹಾರಿದಾಗ ಅದರ ಮುಂಭಾಗವೂ ನೆಲ ಬಿಡುತ್ತಿತ್ತು.

ಟೈಟೇನಿಯಂ ಹಾಕಿ ಗಾಡಿಯಲ್ಲಿ 100 ಕೆ.ಜಿ. ಉಳಿಸಿದರೆ ಆ 78ರಲ್ಲಿ ಸುಮಾರು ಎರಡು ಹೋಯಿತು. ಎಂ777 ಟೈಟೇನಿಯಂ ಬಳಸಿ 4.2 ಟನ್ನಿಗೆ ಇಳಿದಿದೆ ನಿಜ, ಆದರೆ ಅದು ಎಳೆದೊಯ್ಯುವ ತೋಪು; ಬ್ಯಾರೆಲ್ ನೆಲಕ್ಕೆ ಹತ್ತಿರ, ಕಾಲುಗಳು ಉದ್ದ. ಗಾಡಿಯ ಡೆಕ್ ಮೇಲೆ ಆ ಅನುಕೂಲ ಸಿಗದು.

ಮೊದಲು ಸ್ಪೇಡನ್ನು ಅರ್ಧ ಮೀಟರ್ ಹಿಂದಕ್ಕೆ ಚಾಚಿ. 78 ಇದ್ದದ್ದು 97 ಆಗುತ್ತದೆ. ಗಟ್ಟಿ ಬಂಡೆಯ ಮೇಲೆ ಸ್ಪೇಡ್ ಕಚ್ಚದೆ ಗಾಡಿ ಜಾರಬಹುದು, ಅದನ್ನೂ ಯೋಚಿಸಿ. ಕೋನ ಏರಿದಂತೆ ಬೇರೆ ತೊಂದರೆ: 70 ಡಿಗ್ರಿಯಲ್ಲಿ 61 ಕಿಲೋನ್ಯೂಟನ್ ನೇರ ಕೆಳಕ್ಕೆ ಬಡಿಯುತ್ತದೆ, ಅದು ಗಾಡಿಯ ತೂಕಕ್ಕಿಂತ ಹೆಚ್ಚು. ಜ್ಯಾಕ್ ಕೊಟ್ಟು ಆ ಹೊರೆಯನ್ನು ಸ್ಪ್ರಿಂಗ್‌ನಿಂದ ತಪ್ಪಿಸಿ. ಬ್ರೀಚ್ (ಶೆಲ್ ತುಂಬುವ ಬ್ಯಾರೆಲ್ಲಿನ ಹಿಂತುದಿ) ಹಿಂದೆ ಬಂದಾಗ ಡೆಕ್ಕಿಗೆ ತಾಗುತ್ತದೆಯೇ ಎಂದೂ ಅಳೆಯಿರಿ.

ಪಕ್ಕಕ್ಕೆ ಹೊಡೆಯಬೇಕೆಂದರೆ ಇದ್ಯಾವುದೂ ಸಾಲದು. ಚಕ್ರಗಳ ನಡುವಿನ ಅಗಲದ ಅರ್ಧ 0.9 ಮೀಟರ್, ತಡೆ ಬರೀ 35. ಅಲ್ಲಿಗೆ ಸಾಫ್ಟ್ ರಿಕಾಯಿಲ್ ಬೇಕೇ ಬೇಕು. ಬ್ಯಾರೆಲ್ ಮುಂದಕ್ಕೆ ನುಗ್ಗುತ್ತಿರುವಾಗಲೇ ಗುಂಡು ಹಾರಿಸಿ ಅರ್ಧ ಸಂವೇಗ ಅಲ್ಲೇ ಕಳೆದರೆ, ಹಿಂದೆ ಬರುವ ವೇಗ ಅರ್ಧ, ಶಕ್ತಿ ಕಾಲು ಭಾಗ. 65 ಇದ್ದ ಬಲ 16ಕ್ಕೆ ಇಳಿದು ಮೊಮೆಂಟ್ 21 ಆಗುತ್ತದೆ. ಅಮೆರಿಕದ ಸೇನಾ ಜೀಪು ಹಮ್ವೀ ಮೇಲಿನ ಹಾಕ್‌ಐ 105 ಮಿ.ಮೀ. ತೋಪು ಸುತ್ತಲೂ ಹೊಡೆಯಬಲ್ಲದು ಇದರಿಂದಲೇ. ಮದ್ದು ಹತ್ತದಿದ್ದರೆ ಮಾತ್ರ ಮುಂದೆ ನುಗ್ಗಿದ ಅರ್ಧ ಟನ್ ಬ್ಯಾರೆಲ್ ಅಲ್ಲೇ ನಿಲ್ಲಬೇಕು. ಅದನ್ನು ತಡೆಯುವ ಮುಂದಿನ ಬಫರ್ ಲೆಕ್ಕ ಬಿಡಬೇಡಿ.