ಡಯಾಲಿಸಿಸ್ ಸಿಸ್ಟರ್‌ಗೆ ಸನ್ಮಾನ ಹೇಗೆ ಮಾಡಲಿ?

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರ ಎರಡೂ ಕಿಡ್ನಿ ಕೆಟ್ಟು ಮೂರು ವರ್ಷವಾಯಿತು. ವಾರಕ್ಕೆ ಎರಡು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿನ ಸಿಸ್ಟರ್ ಒಬ್ಬರ ಋಣ ನಮ್ಮ ಮೇಲೆ ಬಹಳ ಇದೆ. ದಿನಾ ಬೆಳಿಗ್ಗೆ ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲೆಂದು ಆಪರೇಷನ್ ಮಾಡಿ ಕೂಡಿಸಿದ ರಕ್ತನಾಳ) ಮೇಲೆ ಬೆರಳಿಟ್ಟು, ಗುಯ್ ಅನ್ನುತ್ತಿದೆಯಾ ಅಂತ ನೋಡುವುದನ್ನು ನನಗೆ ಕಲಿಸಿದವರು ಅವರೇ. ಒಂದು ದಿನ ಅದು ನಿಂತೇ ಹೋಗಿತ್ತು. ಫೋನ್ ಮಾಡಿದರೆ, "ನಾಳೆ ಅನ್ನಬೇಡಿ, ಈಗಲೇ ಹೊರಡಿ" ಎಂದರು. ಬೇಗ ಹೋಗಿದ್ದಕ್ಕೆ ಫಿಸ್ಟುಲಾ ಉಳಿಯಿತು. ಅವರಿಗೆ ಸನ್ಮಾನ ಮಾಡಬೇಕೆಂದು ರೋಗಿಗಳ ಮನೆಯವರೆಲ್ಲ ದುಡ್ಡು ಕೂಡಿಸುತ್ತಿದ್ದೇವೆ. ಶಾಲು, ಹಾರ, ಒಂದು ಚಿನ್ನದ ಉಂಗುರ. ಸರಿಯಾ?
– ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಉಂಗುರ ಬೇಡ ತಂಗಿ. ಸರ್ಕಾರಿ ಕೆಲಸದಲ್ಲಿರುವವರಿಗೆ ನಡತೆ ನಿಯಮಗಳಿವೆ. ಬೆಲೆಬಾಳುವ ಉಡುಗೊರೆ ತೆಗೆದುಕೊಂಡರೆ ನಾಳೆ ಅವರಿಗೇ ತೊಂದರೆ. ಶಾಲು, ಹಾರ ಸಂತೋಷವಾಗಿ ಹಾಕಿ. ಆದರೆ ಅದಕ್ಕೂ ಮೊದಲು ಒಂದು ಕಾಗದ ಬರೆಯಿರಿ.

ನಾನೂ ವಾರ್ಡ್‌ನಲ್ಲಿ ದುಡಿದು ನಿವೃತ್ತಳಾದವಳು. ಆಪರೇಷನ್ ಆಗಿ ವಾಸಿಯಾದವರು ಮನೆಗೆ ಹೋಗುವಾಗ ಕೈಮುಗಿದು ಹೋಗುತ್ತಾರೆ. ಡಯಾಲಿಸಿಸ್‌ನಲ್ಲಿ ಹಾಗಿಲ್ಲ. ಇವತ್ತು ಹೋದವರು ಮತ್ತೆ ಮೂರು ದಿನಕ್ಕೆ ಬರುತ್ತಾರೆ. ಅಲ್ಲಿ ಒಳ್ಳೆಯ ಕೆಲಸ ಅಂದರೆ ಏನೂ ಅನಾಹುತ ಆಗದಿರುವುದು. ಆಗದೇ ಇದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

ನಾಲ್ಕು ಗಂಟೆ ಮಿಷನ್ ಓಡುವಾಗ ಆ ಸಿಸ್ಟರ್ ಏನು ಮಾಡುತ್ತಾರೆ, ಗಮನಿಸಿ. ಎರಡು ಸೂಜಿ ಹಾಕಬೇಕು. ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ರಕ್ತನಾಳ ಉಬ್ಬುತ್ತದೆ. ಹಾಗಾಗಿ ಹೋದ ಸಲ ಎಲ್ಲಿ ಚುಚ್ಚಿದ್ದು ಅಂತ ನೋಡಿ ಜಾಗ ಬದಲಿಸುತ್ತಾರೆ. ರೋಗಿ ಸುಮ್ನೆ ಆಕಳಿಸಿದರೂ, ಹಣೆ ಬೆವರಿದರೂ ಬಿಪಿ ಇಳಿಯುತ್ತಿದೆ ಎಂದು ಅನುಮಾನ ಬರುತ್ತದೆ. ತಕ್ಷಣ ಮಿಷನ್ ಮೈಯಿಂದ ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಎತ್ತರಿಸಿ, ಬೇಕಾದರೆ ಸಲೈನ್ ಕೊಡುತ್ತಾರೆ. ತೂಕ ನೋಡಿಯೇ ಯಾರು ನೀರು ಜಾಸ್ತಿ ಕುಡಿದಿದ್ದಾರೆ ಅಂತ ಹೇಳುತ್ತಾರೆ. ನಿಮ್ಮದು ತೆಂಗಿನ ಸೀಮೆ. ಕಾಯಿಲೆಯವರನ್ನು ನೋಡಲು ಬಂದವರು ಎಳನೀರು ತರುತ್ತಾರೆ, ಅಲ್ವಾ? ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಿಗೆ ಅದು ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಅದನ್ನು ಮನೆಮಂದಿಗೆಲ್ಲ ತಿಳಿಸಿ ಹೇಳುವುದೂ ಸಿಸ್ಟರ್ ಕೆಲಸವೇ.

ನಿಮ್ಮ ಕಾಗದದಲ್ಲಿ ಇಂಥದ್ದೇ ಬರಲಿ. "ಬಹಳ ಒಳ್ಳೆಯವರು, ದೇವರಂಥವರು" ಎಂದಷ್ಟೇ ಬರೆದರೆ ಓದಿದ ಅಧಿಕಾರಿ ಪಕ್ಕಕ್ಕಿಡುತ್ತಾರೆ. ಫಿಸ್ಟುಲಾ ನಿಂತ ದಿನ ಏನಾಯಿತು, ಅವರು ಏನು ಹೇಳಿದರು, ಅದರಿಂದ ಏನು ಉಳಿಯಿತು ಅಂತ ತಾರೀಖಿನ ಸಮೇತ ಬರೆಯಿರಿ. ಬೇರೆ ರೋಗಿಗಳೂ ಒಂದೊಂದು ಸಂಗತಿ ಸೇರಿಸಿ ಸಹಿ ಹಾಕಲಿ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಕೊಟ್ಟು, ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪ್ರತಿ ಕಳಿಸಿ. ಇದನ್ನು ಸಿಸ್ಟರ್ ಅವರ ಕಡತದಲ್ಲಿ ಇಡಬೇಕೆಂದು ಸ್ಪಷ್ಟವಾಗಿ ಕೇಳಿ. ಎಷ್ಟೋ ಕಡೆ ಡಯಾಲಿಸಿಸ್ ಘಟಕಗಳನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ನಿಮ್ಮಲ್ಲೂ ಹಾಗಿದ್ದರೆ ಆ ಕಂಪನಿಗೂ ಒಂದು ಪ್ರತಿ ಹೋಗಲಿ. ಸಿಸ್ಟರ್ ಅವರ ಗುತ್ತಿಗೆ ನವೀಕರಿಸುವಾಗ ಕಂಪನಿಯವರ ಕೈಯಲ್ಲಿ ಇದು ಇರಬೇಕು.

ದಾದಿಯರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ 1973ರಿಂದ ಇದೆ, ರಾಷ್ಟ್ರಪತಿಗಳು ಕೊಡುತ್ತಾರೆ. ಅದಕ್ಕೆ ಹೆಸರು ಹೋಗುವುದು ಸಂಸ್ಥೆ ಮತ್ತು ಇಲಾಖೆಯ ಮೂಲಕ. ಅರ್ಹತೆಯ ನಿಯಮಗಳನ್ನು ಆಸ್ಪತ್ರೆಯ ಕಚೇರಿಯಲ್ಲಿ ವಿಚಾರಿಸಿ. ಅಂದಹಾಗೆ, ಕ್ರಿಮಿಯಾ ಯುದ್ಧದಲ್ಲಿ ಗಾಯಾಳು ಸೈನಿಕರ ಆರೈಕೆ ಮಾಡಿ ಬಂದ ಮೇಲೆ ನೈಟಿಂಗೇಲ್ ಅವರೇ ವರ್ಷಗಟ್ಟಲೆ ಕಾಯಿಲೆಯಿಂದ ನರಳಿದರು. ಹಾಸಿಗೆಯಲ್ಲಿ ಇದ್ದುಕೊಂಡೇ ಎಷ್ಟೋ ಬರೆದರು. ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಅವರ ಹೆಸರಿನ ಗೌರವ ಸಿಕ್ಕರೆ ನನಗೆ ತುಂಬ ಸಂತೋಷ.

ಸಮಾರಂಭಕ್ಕೆ ಮೇ 12 ಒಳ್ಳೆಯ ದಿನ, ಅದು ವಿಶ್ವ ದಾದಿಯರ ದಿನ. ಆದರೆ ಡಯಾಲಿಸಿಸ್ ನಡೆಯುವಾಗ ಬೇಡ. ಒಂದು ಶಿಫ್ಟ್ ಮುಗಿದ ಮೇಲೆ ಇಟ್ಟುಕೊಳ್ಳಿ. ಫೋಟೋ ಪೇಪರಿಗೆ ಕೊಡುವ ಮುಂಚೆ ಅವರನ್ನು ಕೇಳಿ. ಕೂಡಿಸಿದ ದುಡ್ಡಿನ ವಿಷಯ: ಘಟಕಕ್ಕೆ ಏನು ಬೇಕು ಅಂತ ವೈದ್ಯಾಧಿಕಾರಿಯನ್ನೇ ಕೇಳಿ, ಆಸ್ಪತ್ರೆ ಹೆಸರಿಗೆ ರಸೀದಿ ಪಡೆದು ಕೊಡಿ. ಆ ಸಿಸ್ಟರ್ ಒಬ್ಬರೇ ಹೆಚ್ಚು ಮಿಷನ್ ನೋಡಿಕೊಳ್ಳುತ್ತಿದ್ದರೆ, ಇನ್ನೊಬ್ಬ ಸಿಸ್ಟರನ್ನು ಹಾಕಿ ಅಂತ ಬೇರೆಯೇ ಒಂದು ಮನವಿ ಬರೆದು, ಅದಕ್ಕೂ ಎಲ್ಲರ ಸಹಿ ಹಾಕಿಸಿ.