ಗೋಕರ್ಣದಿಂದ ಕುಮಟೆಗೆ ಚೀಲ ಹೊತ್ತು

ಪ್ರಶ್ನೆ: ನಾನು ಶಿರಸಿಯವಳು, ತೂಕ 60 ಕಿಲೊ. ಏಳೆಂಟು ದಿನಗಳ ಚಾರಣ ಮಾಡುವ ಆಸೆ. ಅಭ್ಯಾಸಕ್ಕೆಂದು 15 ಕಿಲೊ ಚೀಲ ಹೊತ್ತು ಗೋಕರ್ಣದಿಂದ ಕಡಲ ದಂಡೆಗುಂಟ ಕುಮಟೆಗೆ ಹೊರಟೆ. ಓಂ ಬೀಚ್ ದಾಟುವಷ್ಟರಲ್ಲಿ ಹೆಗಲು ಉರಿ, ಹಿಮ್ಮಡಿಯಲ್ಲಿ ಬೊಬ್ಬೆ. ತದಡಿಯಿಂದ ಬಸ್ ಹತ್ತಿ ವಾಪಸು ಬಂದೆ. ಎಲ್ಲಿ ತಪ್ಪಿತು? ಮುಂದಿನ ಸಲ ಘಟ್ಟದ ಕಾಡಿಗೇ ಹೋಗಬಹುದೇ?

ಉತ್ತರ: ದಾರಿಯ ಆಯ್ಕೆ ಚೆನ್ನಾಗಿಯೇ ಇದೆ. ಸಾಕೆನಿಸಿದಲ್ಲಿ ಊರು ಸಿಗುತ್ತದೆ, ಬಸ್ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಬೇರೇನು ಬೇಕು? ತಪ್ಪಿದ್ದು ಭಾರದಲ್ಲಿ. ದೇಹತೂಕದ ಐದನೇ ಒಂದು ಪಾಲು, ಅಂದರೆ ನಿಮಗೆ 12 ಕಿಲೊ, ಮೇಲ್ಮಿತಿ. ಇಂಥ ಎರಡು ದಿನದ ನಡಿಗೆಗೆ ನೀರೂ ಸೇರಿ 8–9 ಕಿಲೊ ಧಾರಾಳವಾಯಿತು.

ಹೆಗಲು ಉರಿಯಲು ಇನ್ನೊಂದು ಕಾರಣ ಪಟ್ಟಿ ಬಿಗಿಯುವ ಕ್ರಮ. ಎಲ್ಲ ಪಟ್ಟಿ ಸಡಿಲಿಸಿ ಚೀಲ ಹೊರಿ. ಮೊದಲು ಸೊಂಟದ ಪಟ್ಟಿ: ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲಂಚನ್ನು ಅಪ್ಪಿ ಕೂರಬೇಕು. ಆಮೇಲೆ ಹೆಗಲ ಪಟ್ಟಿ, ಚೀಲ ಬೆನ್ನಿಗೆ ತಾಗುವಷ್ಟೇ. ಕೊನೆಗೆ ಎದೆಯದು, ಉಸಿರಿಗೆ ಅಡ್ಡಿಯಾಗದಂತೆ. ಹೆಗಲ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ತೂರದಿದ್ದರೆ ಭಾರ ಇನ್ನೂ ಸೊಂಟಕ್ಕೆ ಇಳಿದಿಲ್ಲ. ಎಷ್ಟು ಸರಿಪಡಿಸಿದರೂ ಸೊಂಟದ ಪಟ್ಟಿ ಹೊಟ್ಟೆಗೇ ಏರುತ್ತದೆಯೇ? ಚೀಲ ನಿಮ್ಮ ಬೆನ್ನಿಗೆ ಗಿಡ್ಡ. ಕೊಳ್ಳುವಾಗ ಚೀಲ ಎಷ್ಟು ಲೀಟರಿನದೆಂದು ನೋಡುವ ಮೊದಲು, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪಿನಲ್ಲಿ ಅಳೆಸಿಕೊಳ್ಳಿ.

ನೀರು, ಅವಲಕ್ಕಿ, ಬೆಲ್ಲದಂಥ ತೂಕದ ಸಾಮಾನು ಬೆನ್ನಿಗೆ ಅಂಟಿಕೊಂಡು ನಡುಮಟ್ಟದಲ್ಲಿರಲಿ, ಹಾಸಿಗೆ ತಳಕ್ಕೆ. ಹೊರಬದಿಗೆ ತೂಕ ತುಂಬಿದರೆ ಚೀಲ ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ.

ಬೊಬ್ಬೆ ಏಳುವುದು ಒದ್ದೆ ಚರ್ಮ ಉಜ್ಜಿದಾಗ. ಮರಳು ಹೊಕ್ಕರೆ ಇನ್ನೂ ಬೇಗ. ಹತ್ತಿಯ ಕಾಲುಚೀಲ ಬೆವರು ಹಿಡಿದಿಡುತ್ತದೆ, ಉಣ್ಣೆಯದೋ ಸಿಂಥೆಟಿಕ್ಕೋ ಎರಡು ಜೊತೆ ಒಯ್ಯಿರಿ. ಬೂಟಿನ ತುದಿಯಲ್ಲಿ ಹೆಬ್ಬೆರಳಗಲ ಜಾಗವಿರಲಿ. ಹಿಮ್ಮಡಿ ಬಿಸಿಯೆನಿಸಿದ ಕ್ಷಣವೇ ನಿಂತು, ಮರಳು ಕೊಡವಿ, ಒರೆಸಿ ಅಂಟುಟೇಪ್ ಹಚ್ಚಿ. ‘ಮುಂದಿನ ಬೀಚಿನಲ್ಲಿ ನೋಡೋಣ’ ಎಂದರೆ ಆ ದಿನದ ನಡಿಗೆ ಮುಗಿಯಿತು.

ಇಳಿತದ ಹೊತ್ತಿನಲ್ಲಿ ನೀರಂಚಿನ ಗಟ್ಟಿ ಮರಳಿನ ಮೇಲೆ ನಡೆಯಿರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ; ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಬಂಡೆಗೆ ಅಲೆ ಬಡಿಯುತ್ತಿದ್ದರೆ ಗುಡ್ಡದ ದಾರಿಯೇ ಸರಿ. ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ಕೊನೆಯ ದೋಣಿ ಎಷ್ಟಕ್ಕೆಂದು ಮೊದಲೇ ವಿಚಾರಿಸಿ.

ಕರಾವಳಿಯ ಸೆಕೆಗೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಳಿಗ್ಗೆ 6ರಿಂದ 10, ಸಂಜೆ 4ರ ಮೇಲೆ ನಡೆಯಿರಿ. ಮೂರು ಲೀಟರ್ ನೀರು ಒಯ್ಯಿರಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ ಇಡಿಯಾಗಿ ಒಂದು ಲೀಟರಿಗೇ ಕದಡಿ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಕೆಡುಕು.

ಘಟ್ಟ ಸದ್ಯಕ್ಕೆ ಬೇಡ. ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಉಂಬಳ, ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣ್ಣೆಹುಳ. ಮುಂದೆ ಹೋದಾಗ ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ವಾಪಸಾದ ಮೇಲೆ ವಾರ–ಹತ್ತು ದಿನದೊಳಗೆ ಜ್ವರ, ತಲೆನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.